ಬೂಚು ಮುಳುಗಿದ ದಸರಾ

ಪೆಟ್ರೋಲ್ ಮೊದಲಿನಂತಿಲ್ಲ ಎಂಬುದು ನನಗೆ ಶ್ರಾವಣದಲ್ಲೇ ತಿಳಿಯಿತು. ಮೂರು ತಿಂಗಳ ಹಿಂದೆ ನಾನೇ ಕೂಡಿಸಿ ಕಳಿಸಿದ್ದ ಒಂದು ಹಳೆಯ ಸ್ಕೂಟರ್ ತೊಟ್ಟಿಕ್ಕುತ್ತಾ ವಾಪಸು ಬಂತು. ಕಾರ್ಬ್ಯುರೇಟರ್ ಬಿಚ್ಚಿದರೆ, ಮುಚ್ಚಳದ ಸಂದಿಗೆ ಹಚ್ಚಿದ್ದ ಚಪಡಾ ಜಾಗದಲ್ಲಿರಲಿಲ್ಲ. ಅದು ಕರಗಿ, ಕೆಳಗಿಳಿದು, ಪೆಟ್ರೋಲ್ ಚಿಮ್ಮುವ ಜೆಟ್ಟಿನ ಸೂಜಿತೂತಿನಲ್ಲಿ ಕಂದು ಗೋಂದಾಗಿ ಕೂತಿತ್ತು.

ಚಪಡಾ ಎಂದರೆ ಬಡಿಗರು ಬಾಗಿಲು ಕಪಾಟಿಗೆ ಪಾಲಿಶ್ ಮಾಡುವ ಅರಗು. ಒಣಗಿದ ಹಕ್ಕಳೆಗಳನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿದರೆ ಒಂದು ದಿನದಲ್ಲಿ ಜೇನಿನಂತಾಗುತ್ತದೆ. ಬ್ರಷ್‌ನಿಂದ ಹಚ್ಚಿದರೆ ಸ್ಪಿರಿಟ್ ಹಾರಿಹೋಗಿ ಗಾಜಿನಂಥ ಪೊರೆ ಉಳಿಯುತ್ತದೆ. ಪೆಟ್ರೋಲ್ ಅದನ್ನು ಏನೂ ಮಾಡುವುದಿಲ್ಲ ಎಂಬ ನಂಬಿಕೆಯ ಮೇಲೆ ನಮ್ಮ ಅಂಗಡಿ ಐವತ್ತು ವರ್ಷ ನಡೆದಿತ್ತು. ಅಂಗಡಿ ನನ್ನ ಮಾವನವರದು. ಸೊಲ್ಲಾಪುರದಲ್ಲಿ, ಅಕ್ಕಲಕೋಟ ರಸ್ತೆಗೆ ಹೊಂದಿದ ಗಲ್ಲಿಯಲ್ಲಿದೆ. ಕಾರ್ಬ್ಯುರೇಟರ್ ಬಿಟ್ಟು ಬೇರೆ ಕೆಲಸ ಮುಟ್ಟುವುದಿಲ್ಲ. ಮನೆ, ಹೊಲ ಬಸ್ಸಿನ ಹಾದಿಯ ಕುಂಭಾರಿಯಲ್ಲಿ; ನನ್ನ ಗಂಡನಿಗೆ ಆ ಹೊಲವೇ ಹಿಡಿಸಿತು. ಮಾವನವರ ಬಾಜೂಕಿನ ಸ್ಟೂಲು ಖಾಲಿ ಉಳಿಯಬಾರದೆಂದು ನಾನು ಕೂತೆ. ಇಪ್ಪತ್ತೆರಡು ವರ್ಷವಾಯಿತು.

ಸ್ಕೂಟರಿನಿಂದ ತೆಗೆದ ಪೆಟ್ರೋಲ್ ಮೂಸಿದೆ. ಅದರಲ್ಲಿ ಪಾಲಿಶ್ ಮಾಡಿದ ಹೊಸ ಬಾಗಿಲಿನ ವಾಸನೆಯಿತ್ತು. ಈಗ ಪೆಟ್ರೋಲಿಗೆ ಕಬ್ಬಿನ ಸ್ಪಿರಿಟ್ ಬೆರೆಸುತ್ತಾರೆಂಬುದು ಪಂಪಿನ ಮೇಲಿನ ಚೀಟಿಯಲ್ಲೇ ಬರೆದಿದೆ. ನಮ್ಮ ಹೊಲದ ಕಬ್ಬೂ ಅಂಥದೇ ಒಂದು ಕಾರಖಾನೆಗೆ ಹೋಗುತ್ತದೆ. ಆದರೂ ಚಪಡಾ ಕರಗಿಸುವ ಸ್ಪಿರಿಟ್ಟೇ ಈಗ ಪೆಟ್ರೋಲಿನೊಳಗಿದೆ ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಪರೀಕ್ಷೆಗೆಂದು ಔಷಧಿ ಬಾಟಲಿಯಲ್ಲಿ ಪೆಟ್ರೋಲ್ ತುಂಬಿ ಒಂದು ಹಕ್ಕಳೆ ಚಪಡಾ ಹಾಕಿ ಕಿಟಕಿಯಲ್ಲಿಟ್ಟೆ. ಎರಡನೇ ದಿನ ಅದು ಮೆತ್ತಗಾಗಿ ತಳಕ್ಕೆ ಅಂಟಿಕೊಂಡಿತು. ನಾಲ್ಕನೇ ದಿನ ಪೆಟ್ರೋಲ್ ಚಹಾದ ಬಣ್ಣಕ್ಕೆ ತಿರುಗಿತ್ತು.

ಬಾಟಲಿ ಹಿಡಿದು ಮಾವನವರ ಮುಂದೆ ನಿಂತೆ. ಅಂಗಡಿಯಲ್ಲಿ ಆಗ ನಾಲ್ಕೈದು ಗಿರಾಕಿಗಳಿದ್ದರು.

"ಮಾವಾರ, ಈಗಿನ ಪೆಟ್ರೋಲ್‌ದಾಗ ನಮ್ಮ ಚಪಡಾ..."

ಅವರು ತಲೆಯೆತ್ತದೆ ಹೇಳಿದರು: "ನನಗ ಕಲಸಾಕ ಬರಬ್ಯಾಡ. ನೀ ಹುಟ್ಟೂಕಿಂತ ಮೊದಲ ನಾ ಕಾರ್ಬ್ಯುರೇಟರ್ ಬಿಚ್ಚೀನಿ. ಹೋಗು, ಆ ಜೆಟ್ ತೊಳಿ."

ಗಿರಾಕಿಗಳು ನಕ್ಕರು. ನಾನು ಹಿಂದೆ ಹೋಗಿ ಬಾಟಲಿಯನ್ನು ಮೋರಿಗೆ ಸುರಿದೆ. ಆ ದಿನದಿಂದ ಸ್ಕೂಟರುಗಳ ಸಂದಿಗೆ ಚಪಡಾ ಹಚ್ಚುವುದನ್ನು ನಾನು ಬಿಟ್ಟೆ. ಅವರಿಗೆ ಹೇಳಲಿಲ್ಲ.

ಪ್ರತಿವರ್ಷ ದಸರಾ ಮುಂದಿರುವಾಗ ಅಕ್ಕಲಕೋಟದಿಂದ ಒಂದು ಕಾರ್ಬ್ಯುರೇಟರ್ ನಮ್ಮಲ್ಲಿಗೆ ಬರುತ್ತಿತ್ತು. ಅಲ್ಲಿಯ ಕಾಳಿನ ವ್ಯಾಪಾರಿ ಮನೆತನದ ಹಿರಿಯರ ಬಳಿ ನೂರು ವರ್ಷಕ್ಕೆ ಹತ್ತಿರವಾದ ಒಂದು ಅಮೆರಿಕದ ಮೋಟಾರು ಇದೆ. ಊರೆಲ್ಲ ಅವರನ್ನು ಮಾಲಕರು ಎನ್ನುತ್ತದೆ. ಖಂಡೇನವಮಿಗೆ ಮೋಟಾರಿಗೆ ಪೂಜೆ. ಮರುದಿನ ಬನ್ನಿ ತರಲು ಹೋಗುವಾಗ ಊರೊಳಗೆ ಒಂದು ಸುತ್ತು. ಆ ಕಾರ್ಬ್ಯುರೇಟರಿನೊಳಗೆ ತೇಲುವ ವಸ್ತು ಹಿತ್ತಾಳೆಯದಲ್ಲ, ಬೂಚಿನದು, ಬಾಟಲಿಯ ಬಿರಡೆ ಮಾಡುವ ಹಗುರ ತೊಗಟೆಯದು: ಕುದುರೆ ಲಾಳದ ಆಕಾರದ, ಅಂಗೈಯಗಲದ ತುಂಡು. ಬಟ್ಟಲಿಗೆ ಪೆಟ್ರೋಲ್ ತುಂಬಿದಂತೆ ಬೂಚು ಮೇಲೇಳುತ್ತದೆ, ಎದ್ದು ಸೂಜಿಯನ್ನು ಒತ್ತಿ ಬರುವ ಪೆಟ್ರೋಲನ್ನು ತಡೆಯುತ್ತದೆ. ಬೂಚು ಪೆಟ್ರೋಲ್ ಕುಡಿದರೆ ಭಾರವಾಗಿ ಮುಳುಗುತ್ತದೆ, ಸೂಜಿ ಮುಚ್ಚುವುದಿಲ್ಲ, ಬಟ್ಟಲು ಉಕ್ಕುತ್ತದೆ. ಅದಕ್ಕೇ ಚಪಡಾ ಪೊರೆ. ನಲವತ್ತು ವರ್ಷ ಆ ಬೂಚಿಗೆ ಪೊರೆ ಹಚ್ಚಿದ್ದು ಮಾವನವರೇ.

ಆ ವರ್ಷವೂ ಹಚ್ಚಿದರು. ನಾನು ಬಾಜೂಕಿಗೇ ಕೂತಿದ್ದೆ. ಹಳೆಯ ಪೊರೆ ಕೆರೆದರು, ಬಿಸಿಲಿಗಿಟ್ಟರು, ದಿನಕ್ಕೆರಡರಂತೆ ಮೂರು ದಿನ ಆರು ಕೋಟು. ಎಪ್ಪತ್ತೆಂಟರ ಕೈ ಬಾಯಿಗೆ ಚಹಾ ಒಯ್ಯುವಾಗ ನಡುಗುತ್ತಿತ್ತು, ಬ್ರಷ್ ಹಿಡಿದಾಗ ಅಲ್ಲ. ಕೆಲಸ ಎಷ್ಟು ಚೆನ್ನಾಗಿತ್ತೆಂದರೆ ಕೊನೆಯ ಕೋಟಿನಲ್ಲಿ ಕಿಟಕಿಯ ಸರಳುಗಳು ಕಾಣುತ್ತಿದ್ದವು.

ಮೂರು ದಿನವೂ ನಾನು ಬಾಯಿ ಬಿಡಲಿಲ್ಲ. ನನಗೆ ನಾನು ಹೇಳಿಕೊಂಡ ಕಾರಣ ಹೀಗಿತ್ತು: ಮೋಟಾರು ಓಡುವುದು ಎರಡು ದಿನ, ಆಮೇಲೆ ಪೆಟ್ರೋಲ್ ಬಸಿದುಬಿಡುತ್ತಾರೆ, ಅಷ್ಟರಲ್ಲಿ ಪೊರೆಗೆ ಏನೂ ಆಗುವುದಿಲ್ಲ. ಆದರೆ ಅದಷ್ಟೇ ಆಗಿರಲಿಲ್ಲ. ಒಮ್ಮೆಯಾದರೂ ಅವರ ಕೆಲಸ ಕೆಟ್ಟು ವಾಪಸು ಬರಲಿ, ಆಗ ಬಾಟಲಿ ಹಿಡಿದು ನಿಂತವಳ ನೆನಪಾಗಲಿ ಎಂಬುದೂ ನನ್ನೊಳಗಿತ್ತು.

ಆ ವರ್ಷ ಮಾಲಕರ ಮನೆಗೆ ಪುಣೆಯಿಂದ ಬೀಗರು ಬರುವವರಿದ್ದರು. ಯಾವಾಗ ಬಂದರೂ ಮೋಟಾರು ತಯಾರಿರಲೆಂದು ನವರಾತ್ರಿಯ ಘಟ ಕೂಡಿಸುವ ಮೊದಲೇ ಟಾಕಿ ತುಂಬಿಸಿಟ್ಟರು. ಹದಿಮೂರು ದಿನ ಬೂಚು ಆ ಪೆಟ್ರೋಲಿನಲ್ಲಿ ಕೂತಿತು. ದಸರಾ ದಿನ ಬನ್ನಿ ತೆಗೆದುಕೊಂಡು ಮರಳುವಾಗ ಬಸ್ ಸ್ಟ್ಯಾಂಡಿನ ಹತ್ತಿರ ಎಂಜಿನ್ ಕೆಮ್ಮಿತು. ಕೆಮ್ಮಿದ ಕಿಡಿ ಕೆಳಗೆ ಉಕ್ಕಿ ನಿಂತಿದ್ದ ಪೆಟ್ರೋಲಿಗೆ ತಾಗಿತು. ಜನ ಇಳಿದು ಓಡಿದರು. ಡ್ರೈವರ್ ಓಡಲಿಲ್ಲ. ಬಾನೆಟ್ ಎತ್ತಿ, ಉರಿಯೊಳಗೆ ಕೈ ಹಾಕಿ ಟಾಕಿಯ ನಳ ಮುಚ್ಚಿದ. ಗೋಣಿ ಚೀಲ, ಮಣ್ಣು ಹಾಕಿ ಬೆಂಕಿ ಆರಿಸಿದರು. ಮೋಟಾರು ಉಳಿಯಿತು. ಅವನ ಬಲಗೈ ಮಣಿಕಟ್ಟಿನವರೆಗೆ ಸುಟ್ಟಿತು.

ಮರುದಿನ ಮಾಲಕರ ಫೋನು. ಮಾವನವರೇ ಎತ್ತಿದರು. ಗಟ್ಟಿ ದನಿ ನನಗೂ ಕೇಳಿಸುತ್ತಿತ್ತು.

"ಕಣ್ಣ ಕಾಣಸಲ್ಲಂದ್ರ ಕಾಣಸಲ್ಲ ಅನ್ಬೇಕು. ಒಬ್ಬ ಮನಶ್ಯಾ ಸಾಯ್ತಿದ್ದ! ಇನ್ನ ನೀವು ನಮ್ಮ ಗಾಡಿ ಮುಟ್ಟಬ್ಯಾಡ್ರಿ. ಸೊಸಿಗಿ ಕಳಸ್ರಿ."

ಮಾವನವರು "ಹೂಂರಿ" ಎಂದರು. ಫೋನಿಟ್ಟು, ಬ್ರಷ್ ತೊಳೆದು, ಒರೆಸಿ ಡಬ್ಬಿಯಲ್ಲಿಟ್ಟರು. ಮರುದಿನದಿಂದ ಅವರು ಅಂಗಡಿಗೆ ಬರಲಿಲ್ಲ; ಅಕ್ಕಲಕೋಟದ ಬಸ್ಸಿಗೆ ನಾನೊಬ್ಬಳೇ ಹೊರಟೆ.

ಅಕ್ಕಲಕೋಟದಲ್ಲಿ ಮಾಲಕರ ವಾಡೆಯ ಅಂಗಳದಲ್ಲಿ ಮೋಟಾರು ನಿಂತಿತ್ತು. ಒಂದು ಬದಿಯ ಬಣ್ಣ ಗುಳ್ಳೆಯೆದ್ದಿತ್ತು. ಡ್ರೈವರ್ ಕಟ್ಟೆಯ ಮೇಲೆ ಕೂತಿದ್ದ. ಐವತ್ತರ ಆಸುಪಾಸಿನವನು, ನನ್ನ ಗಂಡನ ಪರಿಚಯದ ಮೇಲೆ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾನೆ. ಬಲಗೈಗೆ ದಪ್ಪ ಪಟ್ಟಿ ಸುತ್ತಿದ್ದರು.

"ಮಾವಾರ ಹ್ಯಾಂಗದಾರ್ರಿ ವೈನಿ? ಮಾಲಕರು ಭಾಳ ಬೈದ್ರು. ಮನಸಿಗಿ ಹಚ್ಕೋಬ್ಯಾಡ್ರಿ ಅನ್ರಿ," ಎಂದ. ಕೈ ಸುಟ್ಟುಕೊಂಡವನು ಅವನು.

ಕಾರ್ಬ್ಯುರೇಟರ್ ಬಿಚ್ಚಿ ಅಂಗಡಿಗೆ ತಂದೆ. ಬಟ್ಟಲಿನ ತಳದಲ್ಲಿ ಕಾಕಂಬಿಯಂಥದು ನಿಂತಿತ್ತು. ಬೂಚಿನ ಮೇಲೆ ಪೊರೆಯೇ ಇರಲಿಲ್ಲ. ಒತ್ತಿದರೆ ಪೆಟ್ರೋಲ್ ಜಿನುಗುತ್ತಿತ್ತು. ಗಲ್ಲಿಯ ತುದಿಯ ಪತ್ತಾರರ ಚಿನ್ನದ ತಕ್ಕಡಿಯಲ್ಲಿ ತೂಗಿಸಿದೆ: ಇಪ್ಪತ್ತಾರು ಗ್ರಾಂ. ಹನ್ನೆರಡು ಇರಬೇಕಾಗಿತ್ತು.

ಬಿಸಿಲಲ್ಲಿ ಐದು ದಿನ ಒಣಗಿಸಿದರೂ ಹದಿನೈದಕ್ಕಿಂತ ಕೆಳಗಿಳಿಯಲಿಲ್ಲ. ಆದರೂ ಅದೇ ಬೂಚನ್ನು ಉಳಿಸಲು ಹೋದೆ. ಮೊದಲು ಎರಡು ಟ್ಯೂಬು ಕಲಸಿ ಹಚ್ಚುವ ಅಂಟನ್ನು ಹಚ್ಚಿದೆ. ಗಟ್ಟಿಯಾಯಿತು, ಹೊಳೆಯಿತು, ಆದರೆ ಪೆಟ್ರೋಲ್ ತುಂಬಿದ ಬರಣಿಯಲ್ಲಿ ಮುಳುಗಿಸಿಟ್ಟರೆ ಆರನೇ ದಿನ ಅಂಚುಗಳು ಅಗಿದ ಚೂಯಿಂಗ್ ಗಮ್ಮಿನಂತಾದವು, ತೂಕವೂ ವಿಪರೀತ. ಅದನ್ನು ಕೆರೆದು, ತಟ್ಟನೆ ಹಿಡಿಯುವ ನೀರಿನಂಥ ಅಂಟನ್ನು ಹನಿಸಿದೆ. ಒಳಗೆ ಉಳಿದಿದ್ದ ಪೆಟ್ರೋಲ್ ಹೊರಬರಲು ಹೋಗಿ, ಅಂಟು ಬಿಳಿ ನೊರೆಯಾಗಿ ಉಬ್ಬಿ ನಿಂತಿತು. ಹೆಚ್ಚಾದದ್ದನ್ನು ಹತ್ತಿಯಿಂದ ಒರೆಸಹೋದರೆ ಹತ್ತಿಯೇ ಕಾದು ಹೊಗೆಯಾಡಿತು. ಎಸೆದೆ, ಹೆಬ್ಬೆರಳಿನ ಮೇಲೆ ಗುಳ್ಳೆ ಬಂತು. ಅದನ್ನು ಯಾರಿಗೂ ತೋರಿಸುವ ಮುಖ ನನಗಿರಲಿಲ್ಲ. ಹಳೆಯ ಬೂಚು ಕೊನೆಗೆ ನನ್ನ ಕೈಯಲ್ಲೇ ಎರಡು ತುಂಡಾಯಿತು.

ಹೊಸ ಬೂಚು ಬೇಕಾಗಿತ್ತು. ಗ್ಯಾಸ್ಕೆಟ್ ಅಂಗಡಿಯ ಹಾಳೆಗಳು ಪುಡಿಯನ್ನು ಅಂಟಿಸಿ ಒತ್ತಿದವು. ಒಂದು ಚೂರನ್ನು ಬರಣಿಗೆ ಹಾಕಿದರೆ ನಾಲ್ಕು ದಿನದಲ್ಲಿ ಮತ್ತೆ ಪುಡಿ. ಮರದ ತೊಗಟೆಯಿಂದಲೇ ಕೊಯ್ದ ದಪ್ಪ ಬೂಚಿನ ಹಲಗೆ ಇದ್ದದ್ದು ಒಬ್ಬರ ಹತ್ತಿರ ಮಾತ್ರ. ಮಾವನವರು ಹರೆಯದಲ್ಲಿ ಮುಂಬಯಿಯಿಂದ ತಂದು ಮನೆಯ ಅಟ್ಟದ ಮೇಲೆ ಡಬ್ಬಿಯಲ್ಲಿಟ್ಟಿದ್ದರು.

ಕೇಳಿದೆ. ಇಳಿಸಿ ಕೊಟ್ಟರು. ನಾನು ಗೆರೆ ಹಾಕಿದೆ, ಕೊಯ್ಯಲು ಹೋದರೆ ಅಂಚು ಹರಿಯಿತು. ಅವರು ಬ್ಲೇಡ್ ಇಸಿದುಕೊಂಡರು.

"ಒತ್ತಬ್ಯಾಡ. ಎಳಿ. ಬೂಚು ರೊಟ್ಟಿ ಅಲ್ಲ," ಎನ್ನುತ್ತ, ಒಂದೇ ಉಸಿರಿನಲ್ಲಿ ಲಾಳದ ಒಳಸುತ್ತು ತಿರುಗಿಸಿ ಕೊಯ್ದರು. ಆಮೇಲೆ ಬ್ಲೇಡ್ ಕೆಳಗಿಟ್ಟು ಕೇಳಿದರು: "ನಾ ಹಚ್ಚಿದ್ದು ಎಲ್ಲಿ ಬಿರಿದಿತ್ತು?"

ಪೆಟ್ರೋಲಿನ ಮಾತು ಆಡಿದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು.

"ಗೊತ್ತಾಗಲಿಲ್ರಿ, ಮಾವಾರ," ಎಂದೆ.

ಅವರು ತಲೆಯಾಡಿಸಿದರು. "ಕೆಳಗಿನ ಮಗ್ಗಲ ಇರಬೇಕು. ಅಲ್ಲಿ ನೆಳ್ಳ ಬೀಳ್ತಿತ್ತು," ಎಂದರು.

ಒಣ ಬೂಚಿಗೆ ಆ ನೀರಿನಂಥ ಅಂಟು ಸರಿಯಾಗಿ ಇಳಿಯಿತು. ಗಾಳಿಯಾಡುವ ಕಡೆ ಕೂತು ಹನಿಹನಿಯಾಗಿ ಬಿಟ್ಟು, ಒಣಗಿದ ಮೇಲೆ ನುಣ್ಣನೆಯ ಮರಳುಕಾಗದದಿಂದ ತಿಕ್ಕಿ, ಮತ್ತೆ ಬಿಟ್ಟೆ. ಮೂರು ಸಲ. ಕಣ್ಣುರಿದು ನೀರು ಸುರಿಯುತ್ತಿತ್ತು. ತೂಕ ಹದಿನಾಲ್ಕು. ಬರಣಿಯಲ್ಲಿ ಹತ್ತು ದಿನ ಇಟ್ಟು ಮತ್ತೆ ಪತ್ತಾರರ ಹತ್ತಿರ ಒಯ್ದೆ. ಹದಿನಾಲ್ಕೇ. ಪೆಟ್ರೋಲ್ ಬಣ್ಣ ಬದಲಿಸಿರಲಿಲ್ಲ.

ದೀಪಾವಳಿ ಕಳೆದು ಎರಡು ವಾರಕ್ಕೆ ಅಕ್ಕಲಕೋಟಕ್ಕೆ ಹೋಗಿ ಕೂಡಿಸಿದೆ. ಬೂಚು ಎರಡು ಗ್ರಾಂ ಭಾರವಾದ್ದರಿಂದ ಪೆಟ್ರೋಲಿನ ಮಟ್ಟ ತುಸು ಮೇಲೆ ನಿಲ್ಲುತ್ತಿತ್ತು. ಬಟ್ಟಲಿನ ತಳದ ತಿರುಪು ತೆಗೆದು ಪಾರದರ್ಶಕ ನಳಿಕೆ ಕೂಡಿಸಿ, ಅದನ್ನು ಪಕ್ಕಕ್ಕೆ ಎತ್ತಿಹಿಡಿದರೆ ಒಳಗಿನ ಮಟ್ಟ ಹೊರಗೆ ಕಾಣುತ್ತದೆ. ಬೂಚು ಹಿಡಿದ ಹಿತ್ತಾಳೆ ತೋಳನ್ನು ಕೂದಲೆಳೆಯಷ್ಟು ಬಗ್ಗಿಸುವುದು, ನೋಡುವುದು. ಐದು ಸಲ ಬಿಚ್ಚಿ ಕೂಡಿಸಿದೆ. ಎಂಜಿನ್ ಎದ್ದಿತು. ಒಂದು ತಾಸು ಬಿಟ್ಟೆ. ಕೆಳಗೆ ಹಾಸಿದ ಕಾಗದದ ಮೇಲೆ ಒಂದು ಹನಿಯೂ ಇರಲಿಲ್ಲ.

ಮಾಲಕರು ಖುಷಿಯಾದರು. ಚಹಾ ತರಿಸಿದರು. ಡ್ರೈವರ್ ಎಡಗೈಯಲ್ಲಿ ಚಹಾದ ಬಸಿ ಹಿಡಿದು ಕಂಬಕ್ಕೆ ಆತು ನಿಂತಿದ್ದ. ಪಟ್ಟಿ ಬಿಚ್ಚಿದ್ದರು. ಬಲಗೈಯ ಚರ್ಮ ಗುಲಾಬಿಯಾಗಿ ಬಿಗಿದಿತ್ತು. ಬೆರಳು ಅರ್ಧಕ್ಕೆ ಮಾತ್ರ ಮಡಚುತ್ತಿದ್ದವು.

"ಬಘಾ, ನೋಡ್ರಿ, ಕೈ ಬದಲಾತು, ಗಾಡಿ ಬದಲಾತು," ಎಂದರು ಮಾಲಕರು. "ಇನ್ನ ಮುದುಕಗ ಮನ್ಯಾಗ ಕುಂಡ್ರಸ್ರಿ. ವಯಸ್ಸಾದ ಮ್ಯಾಲ ಮನಶ್ಯಾಗ ತಿಳೀಬೇಕು."

"ತಪ್ಪು ಅವರದಲ್ರಿ, ಮಾಲಕ. ಪೆಟ್ರೋಲಿಂದು."

"ಪೆಟ್ರೋಲ್? ಊರಾಗಿನ ಎಲ್ಲಾ ಗಾಡಿ ಅದರ ಮ್ಯಾಲೇ ಓಡಾಕತ್ತಾವು."

ನಾನು ಒಂದು ಗಾಜಿನ ಬಾಟಲಿ ಕೇಳಿದೆ. ಅರ್ಧಕ್ಕೂ ಮೇಲೆ ಅವರದೇ ಟಾಕಿಯ ಪೆಟ್ರೋಲ್, ಅದರ ಮೇಲೆ ಎರಡು ಬೆರಳು ನೀರು. ತಳಕ್ಕಿಳಿದ ನೀರಿನ ಎತ್ತರಕ್ಕೆ ಹೊರಗಿನಿಂದ ದಾರ ಕಟ್ಟಿದೆ. ಅಲುಗಾಡಿಸಿ ಇಟ್ಟೆ. ನೀರು ಮತ್ತೆ ಕೆಳಗಿಳಿದು ನಿಂತಾಗ ದಾರ ದಾಟಿ ಮೇಲೆ ಬಂದಿತ್ತು. ಪೆಟ್ರೋಲಿನೊಳಗಿನ ಸ್ಪಿರಿಟ್ ನೀರಿಗೆ ಸೇರಿಕೊಂಡಿತ್ತು. ಚಪಡಾ ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಅದನ್ನು ನಾವು ಕರಗಿಸುವುದೇ ಸ್ಪಿರಿಟ್ಟಿನಲ್ಲಿ ಎಂದು ವಿವರಿಸಿದೆ.

ಮಾಲಕರು ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಒಪ್ಪಿದರೆಂದುಕೊಂಡೆ.

"ಹಂಗಾರ ಇನ್ನೂ ದೊಡ್ಡ ತಪ್ಪು," ಎಂದರು. "ಐವತ್ತು ವರ್ಷ ಇದೇ ಧಂದಾ ಮಾಡಿದವಗ ಇಷ್ಟ ತಿಳೀಲಿಲ್ಲ?"

ಅಲ್ಲಿಗೇ ಬಿಡಬಹುದಾಗಿತ್ತು. ಮೋಟಾರು ನಡೆಯುತ್ತಿತ್ತು, ನನ್ನ ಹೆಸರು ಗಟ್ಟಿಯಾಗಿತ್ತು, ಚಹಾ ಇನ್ನೂ ಬಿಸಿಯಾಗಿತ್ತು. ಡ್ರೈವರ್ ಬಸಿಯನ್ನು ಕಟ್ಟೆಯ ಮೇಲಿಟ್ಟು, ಆ ಬಿಗಿದ ಬೆರಳುಗಳನ್ನು ಎಡಗೈಯಿಂದ ನೀವಿಕೊಳ್ಳುತ್ತಿದ್ದ.

"ಅವರಿಗಿ ಗೊತ್ತಿರಲಿಲ್ಲ," ಎಂದೆ. "ನನಗ ಗೊತ್ತಿತ್ತು. ಶ್ರಾವಣದಾಗೇ ಗೊತ್ತಾಗಿತ್ತು. ಅವರು ಹಚ್ಚೂ ಮುಂದ ನಾ ಬಾಜೂಕ ಕುಂತಿದ್ದೆ. ಹೇಳಲಿಲ್ಲ."

ಮಾಲಕರು ಬಾಟಲಿಯನ್ನು ಕೆಳಗಿಟ್ಟರು. ಮಾತಾಡಿದವನು ಡ್ರೈವರ್. ದನಿ ಏರಿಸಲಿಲ್ಲ.

"ನನಗಾದ್ರೂ ಒಂದ ಮಾತ ಅನ್ಬೇಕಿತ್ತಲ್ರಿ ವೈನಿ. ಪೆಟ್ರೋಲ್ ಬಸದ ಇಡ್ತಿದ್ದೆ."

ಅಷ್ಟೇ. ಅವನು ಬಸಿ ಎತ್ತಿಕೊಂಡು ಒಳಗೆ ಹೋದ. ನಾನು ಪಾನಾ ಇಕ್ಕಳಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ನಡೆಯುವಾಗಲೇ ಗೊತ್ತಿತ್ತು, ಈ ಮಾತು ಫೋನಿನಲ್ಲಿ ಕುಂಭಾರಿಗೆ ಮುಟ್ಟುವ ಮೊದಲು ನಾನು ಮುಟ್ಟಬೇಕು.

ಮಾವನವರು ಮನೆಯ ಅಂಗಳದಲ್ಲಿ ದನದ ಹಗ್ಗ ಹೊಸೆಯುತ್ತಿದ್ದರು. ನಿಂತೇ ಎಲ್ಲ ಹೇಳಿದೆ: ಸ್ಕೂಟರು, ಬಾಟಲಿ, ಮೂರು ದಿನ, ಮಾಲಕರ ಮುಂದೆ ಆಡಿದ ಮಾತು. ಅವರು ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಆ ಬಾಟಲಿ ತಂದಿದ್ದಿ ನೋಡು ಒಂದಿನ. ಅದೇ ಏನು?"

"ಹೂಂರಿ."

"ನಾ ಬೈದೆ."

"ಹೂಂರಿ."

ಹಗ್ಗದ ತುದಿಗೆ ಗಂಟು ಹಾಕಿದರು. "ಬೈದದ್ದು ನನ್ನ ತಪ್ಪು," ಎಂದರು. ಹಗ್ಗವನ್ನು ಪಕ್ಕಕ್ಕಿಟ್ಟು ಹೇಳಿದರು: "ನನ್ನ ಕಣ್ಣು ಹೋದುವು ಅಂತ ತಿಳ್ಕೊಂಡಿದ್ದೆ. ದಸರಾ ಆದಾಗಿಂದ ದಿನಾ ಮುಂಜಾನೆ ಎದ್ದು ಸೂಜ್ಯಾಗ ದಾರ ಪೋಣಿಸಿ ನೋಡ್ತಿದ್ದೆ. ಪೋಣಿಸಾಕ ಬರ್ತಿತ್ತು. ಹಂಗಾರ ಯಾಕ ತಪ್ಪಿತು, ಅದು ತಿಳೀತಿರಲಿಲ್ಲ."

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

ಮರುದಿನ ಅವರು ಬಸ್ಸಿಗೆ ಬಂದರು. ಅಂಗಡಿಯಲ್ಲಿ ತಮ್ಮ ಜಾಗದಲ್ಲಿ ಕೂತರು. ಗಿರಾಕಿಗಳಿಗೆ ಸಮಾಧಾನವಾಯಿತು; ನನಗೂ ಆಯಿತು, ಮಧ್ಯಾಹ್ನದವರೆಗೆ. ಮಧ್ಯಾಹ್ನ ಒಬ್ಬ ಹಳೆಯ ಜೀಪಿನ ಕಾರ್ಬ್ಯುರೇಟರ್ ತಂದ. ಮಾವನವರು ಬಿಚ್ಚಿದರು, ತೊಳೆದರು, ಜೆಟ್ಟುಗಳನ್ನು ಊದಿ ನೋಡಿದರು. ಮುಚ್ಚಳ ಕೂಡಿಸುವ ಹೊತ್ತಿಗೆ ಅದನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. ಅಂಗಡಿಯಲ್ಲಿ ಐದಾರು ಜನರಿದ್ದರು.

"ಇದಕ್ಕ ಏನು ಹಚ್ಚಬೇಕು, ನೀವೇ ಹೇಳ್ರಿ," ಎಂದರು.

ಇಪ್ಪತ್ತೆರಡು ವರ್ಷದಲ್ಲಿ ಅವರು ನನಗೆ ಬಹುವಚನ ಹಚ್ಚಿರಲಿಲ್ಲ. ಕುಚೋದ್ಯವೇ ಎಂದು ಮುಖ ನೋಡಿದೆ. ಅಲ್ಲ. ಅಪರಿಚಿತ ಅಂಗಡಿಯಲ್ಲಿ ಸಾಮಾನು ಕೇಳುವವರಂತೆ, ಉತ್ತರಕ್ಕೆ ಕಾಯುತ್ತಿದ್ದರು. ಹೇಳಿದೆ. ಹೇಳಿದಂತೆಯೇ ಹಚ್ಚಿದರು.

ಈಗಲೂ ಹಾಗೇ ನಡೆದಿದೆ. ಮೊನ್ನೆ, ಮೊದಲಿನಂತೆ ಬೈಯಲಿ ಎಂದು, ಬೇಕೆಂದೇ ಒಂದು ಸೂಜಿಯನ್ನು ತಪ್ಪಾಗಿ ಕೂಡಿಸಿ ಅವರ ಮುಂದಿಟ್ಟೆ. ಅವರು ನೋಡಿದರು, ಬಿಚ್ಚಿದರು, ಸರಿಮಾಡಿ ಕೂಡಿಸಿ ಗಿರಾಕಿಯ ಕೈಗೆ ಕೊಟ್ಟರು. ನನಗೆ ಏನೂ ಅನ್ನಲಿಲ್ಲ.